ಅಜ್ಜಿಯ ಕಸೂತಿ ಬಟ್ಟೆಗೆ ಫ್ರೇಮ್ ಹಾಕಿಸಬೇಕಾ?

ಅಜ್ಜಿ ಕಸೂತಿ ಹಾಕಿದ ಮೇಜಿನ ಬಟ್ಟೆ ಸಿಕ್ಕಿದೆ, ಅದರ ಮೇಲೆ ಕಲೆಯೂ ಬಿದ್ದಿದೆ, ತೊಳೆದು ಫ್ರೇಮ್ ಹಾಕಿಸಲಾ ಅಂತ ಕೇಳಿದ್ದೀರಿ. ಹಾಕಿಸಿ. ಆದರೆ ಗೋಂದು ಮಾತ್ರ ಮುಟ್ಟಿಸಬೇಡಿ. ನಾನು ಆ ತಪ್ಪು ಮಾಡಿದ್ದೇನೆ.

ನಮ್ಮಜ್ಜಿ ಧಾರವಾಡದವಳು. ಅಪ್ಪನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಜೊತೆಗೆ ಬಂದಳು. ರಾಜಾಜಿನಗರದ ಮನೆಯಲ್ಲಿ ಮಧ್ಯಾಹ್ನ ಬೆಳಕು ಬರುತ್ತಿದ್ದದ್ದು ಬಾಗಿಲ ಹತ್ತಿರ ಮಾತ್ರ. ಊಟ ಮುಗಿಸಿ ಅಲ್ಲೇ ಸೂಜಿ ಹಿಡಿದು ಕೂರುತ್ತಿದ್ದಳು. ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ ಎಲ್ಲ ಏಳುತ್ತಿದ್ದವು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಗವಂತಿ ಅನ್ನುವ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಅದಕ್ಕೇ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮುರ್ಗಿ ಹೊಲಿಗೆಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ದಾರವನ್ನು ಅಡ್ಡಡ್ಡ ದಾಟಿಸಿ ಹಾಕುವ ಮೆಂತೆ ಹೊಲಿಗೆಯಲ್ಲಾದರೆ ಹಿಂದೆ ಬೇರೆ.

ಯಾರಾದರೂ ಹೊಗಳಿದರೆ ಬಟ್ಟೆ ಮಗುಚಿಬಿಡುತ್ತಿದ್ದಳು. "ಹಿಂದ ನೋಡ್ರಿ, ಮುಂದ ಎಲ್ಲಾರೂ ಛಂದ ಮಾಡ್ತಾರ!"

ಅವಳ ತೇರಿನ ಬಲಗಡೆ ಒಂದು ಎಳೆ ಜಾಸ್ತಿ ಇತ್ತು. ಎಣಿಸುವಾಗ ನಾನು ಪಕ್ಕದಲ್ಲಿ ಕೂತು ತಲೆ ತಿಂದೆನಂತೆ. ಬಿಚ್ಚಿ ಮತ್ತೆ ಹಾಕು ಅಂದರೆ, "ಇರಲಿ ಬಿಡು, ನಿನ್ನ ಹೆಸರು ಹೇಳ್ತದ" ಅಂದಳು.

ಅಜ್ಜಿ ತೀರಿಕೊಂಡ ವರ್ಷ ಆ ಬಟ್ಟೆಯನ್ನೇ ಫ್ರೇಮಿಗೆ ಕೊಟ್ಟೆ. ಅಂಗಡಿಯವರು ಹಲಗೆಗೆ ಗೋಂದು ಬಳಿದು ಅಂಟಿಸಿ ಕೊಟ್ಟರು. ನೋಡಲು ಚೆನ್ನಾಗೇ ಇದೆ. ಮಗುಚಲು ಆಗಲ್ಲ, ಅಷ್ಟೇ.

ನೀವು ಹೀಗೆ ಮಾಡಿ. ಬಿಳಿ ಹತ್ತಿ ಬಟ್ಟೆಯ ಮೇಲೆ ಇಟ್ಟು ಅಂಚಿಗೆ ಸಣ್ಣ ಹೊಲಿಗೆ ಹಾಕಿಸಿ, ಬೇಕಾದಾಗ ಬಿಚ್ಚಬಹುದು. ಗಾಜು ದಾರಕ್ಕೆ ತಾಗಬಾರದು. ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಹೋಗುತ್ತದೆ. ತೊಳೆಯುವ ಮುಂಚೆ ಒದ್ದೆ ಬಿಳಿ ಬಟ್ಟೆಯನ್ನು ಒಂದೊಂದು ಬಣ್ಣದ ದಾರದ ಮೇಲೂ ಒತ್ತಿ ನೋಡಿ. ಕೆಂಪೋ ನೀಲಿಯೋ ಸ್ವಲ್ಪ ಹತ್ತಿದರೂ ನೀರಿಗೆ ಹಾಕಬೇಡಿ, ಕಲೆ ಇದ್ದರೆ ಇರಲಿ. ಹತ್ತಲಿಲ್ಲ ಅಂದರೆ ತಣ್ಣೀರು, ಸೌಮ್ಯವಾದ ಸೋಪು. ಹಿಂಡಬೇಡಿ, ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ.

ಮತ್ತೆ, ಅಂಗಡಿಗೆ ಕೊಡುವ ಮುಂಚೆ ಹಿಂಭಾಗದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಹತ್ತಿರ ಅದೂ ಇಲ್ಲ.