ಬಸ್ಸಿಂದ ಬಸ್ಸಿಗೆ ವೈಫೈ ಸಂದೇಶ: ಎಒಡಿವಿ ಇದ್ದರೂ ಪ್ಯಾಕೆಟ್ ತಲುಪುತ್ತಿಲ್ಲ, ಹೊಸ ಪ್ರೋಟೋಕಾಲ್ ಬರೆಯಬೇಕಾ?

ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಬಸ್ಸುಗಳ ನಡುವೆ ಟವರ್ ಇಲ್ಲದೆ ಸಂದೇಶ ದಾಟಿಸುವುದು ನಿಮ್ಮ ಪ್ರಾಜೆಕ್ಟು. ಸಿಮ್ಯುಲೇಶನ್‌ನಲ್ಲಿ ವೇಗ ಏರಿದಂತೆ ಪ್ಯಾಕೆಟ್ (ಸಂದೇಶದ ತುಣುಕು) ತಲುಪುವ ಪ್ರಮಾಣ ಕುಸಿಯುತ್ತಿದೆ, ಗೈಡ್ ಹೊಸ ಪ್ರೋಟೋಕಾಲ್ ಬರೆಯಲು ಹೇಳಿದ್ದಾರೆ ಅಂತ ಬರೆದಿದ್ದೀರಿ. ನನ್ನ ಪ್ರಕಾರ ಅದು ಬೇಡ. ಎಒಡಿವಿ (ಸಂದೇಶ ಕಳಿಸಬೇಕಾದಾಗ ಮಾತ್ರ ದಾರಿ ಹುಡುಕುವ ರೌಟಿಂಗ್ ಪ್ರೋಟೋಕಾಲ್) ಹಾಗೇ ಇರಲಿ. ಪಕ್ಕದ ನೋಡ್ (ಜಾಲದ ಒಂದೊಂದು ಸಾಧನ, ಇಲ್ಲಿ ಬಸ್ಸು) ಕೈಗೆ ಸಿಗುತ್ತದೆ ಎಂದು ಅದು ಯಾವುದರ ಮೇಲೆ ನಂಬುತ್ತದೆಯೋ, ಅದನ್ನು ಬದಲಿಸಿ.

2003ರ ಆರ್‌ಎಫ್‌ಸಿ 3561 ಎಂಬ ತಾಂತ್ರಿಕ ದಾಖಲೆಯ ಪ್ರಕಾರ ಎಒಡಿವಿ ಹಾಪ್ (ಒಂದು ನೋಡಿನಿಂದ ಮುಂದಿನದಕ್ಕೆ ಒಂದು ಜಿಗಿತ) ಕಡಿಮೆ ಇರುವ ದಾರಿ ಹಿಡಿಯುತ್ತದೆ. ಹಾಪ್ ಕಡಿಮೆಯಾಗಬೇಕಾದರೆ ಪ್ರತಿಯೊಂದು ಹಾಪೂ ಉದ್ದವಾಗಲೇಬೇಕು. ಹಾಗಾಗಿ ಸಿಗ್ನಲ್ ಅಂಚಿನಲ್ಲಿರುವ ನೋಡೇ ಹೆಚ್ಚಾಗಿ ಆಯ್ಕೆಯಾಗುತ್ತದೆ. ಬಸ್ಸು ತುಸು ಮುಂದೆ ಸರಿದರೆ ಲಿಂಕ್ ಕಡಿಯಿತು.

ಉಣಕಲ್ ಕೆರೆ ದಂಡೆಯ ಮೇಲೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರುಗಳನ್ನಿಟ್ಟು ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದನ್ನು ಹಿಡಿದು ದೂರ ನಡೆಯುತ್ತಾ ಹೋದರೆ ಒಂದು ಜಾಗ ಬರುತ್ತದೆ: ಹಲೋ ಸಂದೇಶ (ನಾನಿಲ್ಲಿದ್ದೇನೆ ಎಂದು ನೋಡ್ ಆಗಾಗ ಕಳಿಸುವ ಚಿಕ್ಕ ಸೂಚನೆ) ಬರುತ್ತಲೇ ಇರುತ್ತದೆ, ರೌಟಿಂಗ್ ಟೇಬಲ್ (ಯಾರಿಗೆ ಯಾವ ದಾರಿ ಎಂಬ ಪಟ್ಟಿ) ಎಲ್ಲ ಸರಿಯಿದೆ ಅನ್ನುತ್ತದೆ, ಆದರೆ ದೊಡ್ಡ ಪ್ಯಾಕೆಟ್ ದಾಟುವುದಿಲ್ಲ. ಪೈಯನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡು ನಡೆದರೆ ಆ ಜಾಗ ಇನ್ನೂ ಹತ್ತಿರ ಬರುತ್ತದೆ, ಯಾಕೆಂದರೆ 2.4 ಗಿಗಾಹರ್ಟ್ಸ್ ಅಲೆಯನ್ನು ನಮ್ಮ ಮೈಯೇ ಹೀರುತ್ತದೆ. ಉಪ್ಸಾಲಾ ವಿಶ್ವವಿದ್ಯಾಲಯದವರು 2002ರಲ್ಲೇ ಇದನ್ನು ಬೂದು ವಲಯ ಎಂದು ಕರೆದಿದ್ದರು. ಹಲೋ ಚಿಕ್ಕದು, ಎಲ್ಲರಿಗೂ ಒಟ್ಟಿಗೆ ಸಾರುವ ಬ್ರಾಡ್‌ಕಾಸ್ಟ್ ಆದ್ದರಿಂದ ಕಡಿಮೆ ಬಿಟ್ ದರದಲ್ಲಿ ಹೋಗುತ್ತದೆ, ಅದಕ್ಕೆ ಅಕ್ನಾಲೆಜ್‌ಮೆಂಟ್ (ತಲುಪಿತು ಎಂಬ ಮರುಸೂಚನೆ) ಕೂಡ ಬೇಕಿಲ್ಲ. ಡೇಟಾ ದೊಡ್ಡದು, ಹೆಚ್ಚಿನ ದರದಲ್ಲಿ ಹೋಗುತ್ತದೆ. ಹಲೋ ಬಂತೆಂದು ಡೇಟಾವೂ ಹೋಗುತ್ತದೆ ಎಂದು ನಂಬುವುದೇ ಇಲ್ಲಿನ ದೋಷ.

ಆದ್ದರಿಂದ ಮೊದಲು ದುರ್ಬಲ ಸಿಗ್ನಲ್‌ನಲ್ಲಿ ಬಂದ ಹಲೋ ಮತ್ತು ದಾರಿ ಕೇಳುವ ರೂಟ್ ರಿಕ್ವೆಸ್ಟ್‌ಗಳನ್ನು ಒಂದು ಮಿತಿ ಇಟ್ಟು ಕೈಬಿಡಿ. ಎರಡನೆಯದು, ಲಿಂಕ್ ಕಡಿದದ್ದನ್ನು ಹಲೋಯಿಂದ ತಿಳಿಯಬೇಡಿ. ಸೆಕೆಂಡಿಗೊಂದು ಹಲೋ, ಎರಡು ತಪ್ಪಿದ ಮೇಲೆ ಲಿಂಕ್ ಇಲ್ಲ ಎಂಬುದು ಆರ್‌ಎಫ್‌ಸಿಯ ಲೆಕ್ಕ. ಗಂಟೆಗೆ 40 ಕಿ.ಮೀ. ವೇಗದ ಬಸ್ಸು ಎರಡು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಹೋಗಿರುತ್ತದೆ, ಎದುರು ದಿಕ್ಕಿನ ಎರಡು ಬಸ್ಸುಗಳಾದರೆ ಅಂತರ 44 ಮೀಟರ್ ಬದಲಾಗಿರುತ್ತದೆ. ಅಷ್ಟರಲ್ಲಿ ಕಳಿಸಿದ್ದೆಲ್ಲ ಕಳೆದುಹೋಯಿತು. ವೈಫೈ ಪದರದಲ್ಲಿ ಅಕ್ನಾಲೆಜ್‌ಮೆಂಟ್ ಬಾರದಿದ್ದಾಗ ಸಿಗುವ ಸೂಚನೆ ಇದಕ್ಕಿಂತ ಎಷ್ಟೋ ಬೇಗ ಬರುತ್ತದೆ, ಅದನ್ನು ಬಳಸಿ.

ಇಟಿಎಕ್ಸ್ ಮಾಪನವನ್ನು (ಒಂದು ಪ್ಯಾಕೆಟ್ ತಲುಪಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂಬ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೆಯದು) ಹಲವರು ಸೂಚಿಸುತ್ತಾರೆ. ಅದರ ತರ್ಕ ಚೆನ್ನಾಗಿದೆ: ಎರಡೂ ದಿಕ್ಕಿಗೆ 60% ತಲುಪುವ ಒಂದೇ ಹಾಪಿಗೆ ಅದು 2.8, ಎರಡೂ ದಿಕ್ಕಿಗೆ 95% ತಲುಪುವ ಎರಡು ಹಾಪಿಗೆ ಒಟ್ಟು 2.2. ಅಂದರೆ ಎರಡು ಹಾಪಿನ ದಾರಿಯೇ ಲೇಸು. ಆದರೆ ಕೆಲವು ಸೆಕೆಂಡುಗಳ ಸರಾಸರಿ ತೆಗೆದು ಸಿಗುವ ಅಂಕಿ ಅದು. ನೋಡ್ ಚಲಿಸುವಾಗ ಅಂಕಿ ಹಳಸಿರುತ್ತದೆ. 2004ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪರೀಕ್ಷಿಸಿದಾಗ, ಕಳಿಸುವವರು ಚಲಿಸುತ್ತಿದ್ದ ಸಂದರ್ಭದಲ್ಲಿ ಬರೀ ಹಾಪ್ ಎಣಿಕೆಯೇ ಅದನ್ನು ಮೀರಿಸಿತ್ತು. ನೋಡ್‌ಗಳು ಚಲಿಸದ ಮೆಶ್ ಜಾಲಕ್ಕೆ ಇಟಿಎಕ್ಸ್ ಕೊಡಿ, ಬಸ್ಸಿಗೆ ಬೇಡ.

ಎಒಎಂಡಿವಿಯಂಥ ಬಹುದಾರಿ ಪ್ರೋಟೋಕಾಲ್‌ನಿಂದಲೂ ನಿಮಗೆ ಹೆಚ್ಚೇನೂ ಸಿಗಲಿಕ್ಕಿಲ್ಲ. ನಿಮ್ಮ ಬಸ್ಸುಗಳೆಲ್ಲ ಒಂದೇ ರಸ್ತೆಯ ಮೇಲೆ ಸಾಲಾಗಿವೆ, ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ದಾರಿ ಎಲ್ಲಿಂದ ಬರಬೇಕು? ನವಲೂರಿನ ಹತ್ತಿರ ಬಸ್ಸುಗಳ ಮಧ್ಯೆ ದೊಡ್ಡ ಅಂತರ ಬಿದ್ದರೆ ಜಾಲವೇ ಎರಡು ಹೋಳು, ಆಗ ಯಾವ ರೌಟಿಂಗೂ ದಾರಿ ಹುಡುಕಲಾರದು. ಅಲ್ಲಿ ಸಂದೇಶವನ್ನು ಎಸೆಯದೆ ಬಸ್ಸಿನಲ್ಲೇ ಇಟ್ಟುಕೊಂಡು, ಮುಂದಿನ ಬಸ್ಸು ಸಿಕ್ಕಾಗ ದಾಟಿಸುವ ವಿಧಾನ ಸೇರಿಸಿ. ತಡವಾದರೂ ತಲುಪುತ್ತದೆ. ಗೈಡ್ ಹೊಸತನ ಕೇಳಿದರೆ ಇದನ್ನೇ ತೋರಿಸಬಹುದು.

ರ‍್ಯಾಂಡಮ್ ವೇಪಾಯಿಂಟ್ ಮಾದರಿ ಬಳಸಿದ್ದರೆ ಈಗಲೇ ಬಿಡಿ, ಬಸ್ಸು ಬಯಲಿನಲ್ಲಿ ಅಡ್ಡಾದಿಡ್ಡಿ ಓಡುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ತೆಗೆದು ಸುಮೋ ಎಂಬ ಸಂಚಾರ ಸಿಮ್ಯುಲೇಟರ್‌ನಲ್ಲಿ ಬಸ್ಸು ಓಡಿಸಿ, ಆ ಚಲನೆಯ ಟ್ರೇಸನ್ನು ಎನ್‌ಎಸ್-3 ಎಂಬ ಜಾಲ ಸಿಮ್ಯುಲೇಟರ್‌ಗೆ ಕೊಡಿ. ಬಿದ್ದ ಪ್ಯಾಕೆಟ್‌ಗಳನ್ನು ದಾರಿ ಇರಲಿಲ್ಲ, ಲಿಂಕ್ ಕಡಿಯಿತು, ಬಫರ್ ತುಂಬಿತ್ತು ಎಂದು ಬೇರೆ ಬೇರೆ ಎಣಿಸಿ. ಮೇಲಿನ ಯಾವ ಬದಲಾವಣೆ ಮೊದಲು ಮಾಡಬೇಕು ಅನ್ನುವುದು ಆ ಎಣಿಕೆಯಲ್ಲೇ ಗೊತ್ತಾಗುತ್ತದೆ.