ಕೇಸ್ ಶೀಟ್ ಕೊಡಲ್ಲ ಅಂದರೆ ಏನು ಮಾಡೋದು?

ಅಪ್ಪ ಮಂಡ್ಯದ ಖಾಸಗಿ ಆಸ್ಪತ್ರೆಯಲ್ಲಿದ್ದಾರೆ, ಮೈಸೂರಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಅಂತ ಕೇಸ್ ಶೀಟ್ ಕೇಳಿದರೆ ‘ಅದು ಆಸ್ಪತ್ರೆಯದು, ಕೊಡೋಕಾಗಲ್ಲ’ ಅಂದರು ಅಂತ ಬರೆದಿದ್ದೀರಿ. ಅರ್ಧ ನಿಜ. ಮೂಲ ಫೈಲು ಆಸ್ಪತ್ರೆಯಲ್ಲೇ ಇರುತ್ತದೆ. ನಕಲು ಮಾತ್ರ ನಿಮಗೆ ಸಿಗಲೇಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ, ರೋಗಿ ಅಥವಾ ಅವರು ಒಪ್ಪಿಸಿದವರು ಕೇಳಿದ 72 ಗಂಟೆಯೊಳಗೆ ಕೊಡಬೇಕು.

ನಾನು ಮೈಸೂರಿನ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಬಹಳ ಕಾಲ ಕೂತವನು. ಮದ್ದೂರು, ಪಾಂಡವಪುರ, ನಂಜನಗೂಡು ಕಡೆಯವರು ಕಿಟಕಿ ಹತ್ತಿರ ಬಂದು ‘ಸಾ, ಒಸಿ ಫೈಲ್ ಕೊಡ್ತೀರಾ’ ಅನ್ನೋರು, ಸಾಲ ಕೇಳೋರ ಹಾಗೆ. ದುಡ್ಡು ಕಟ್ಟಿದವರೂ ಹಾಗೇ ಕೇಳುತ್ತಿದ್ದರು. ಬಾಯಲ್ಲಿ ಕೇಳಿದವರಿಗೆ ‘ನಾಳೆ ಬನ್ನಿ’ ಅನ್ನೋದು ಸುಲಭ. ಕೈಲಿ ಅರ್ಜಿ ಇದ್ದರೆ ಅದು ಮೇಲಿನವರ ಟೇಬಲ್ಲಿಗೆ ಹೋಗಲೇಬೇಕು.

ಹಾಗಾಗಿ ಬರೆದು ಕೊಡಿ. ಅಪ್ಪನ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ಅಡ್ಮಿಟ್ ಆದ ದಿನ, ಯಾವ್ಯಾವುದರ ನಕಲು ಬೇಕು ಅನ್ನೋದು ಇರಲಿ: ಕೇಸ್ ಶೀಟ್, ನರ್ಸ್ ಚಾರ್ಟ್, ಲ್ಯಾಬ್ ರಿಪೋರ್ಟ್. ಅಪ್ಪನಿಗೆ ಸಹಿ ಹಾಕೋಕೆ ಆದರೆ ಅವರದೇ ಸಹಿ ಹಾಕಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಜೆರಾಕ್ಸ್ ಖರ್ಚು ಕೇಳಿದರೆ ಕೊಟ್ಟುಬಿಡಿ, ಅದಕ್ಕೆ ಜಗಳ ಬೇಡ. ರಾತ್ರಿ ಡ್ಯೂಟಿ ನರ್ಸ್ ಜೊತೆಗಂತೂ ಬೇಡ, ಆಕೆ ಕೈಲಿ ಏನೂ ಇರಲ್ಲ.

ಆಗಲೂ ಕೊಡದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ, ದೂರು ಕೇಳೋಕೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ ಥರದ ಸರ್ಕಾರಿ ಆಸ್ಪತ್ರೆ ಆಗಿದ್ದರೆ ದಾರಿ ಬೇರೆ: ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಅರ್ಜಿ, ಅಲ್ಲಿ ಆಗದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿದರೆ ಇಲ್ಲಿನವರಿಗೆ ಬೇಜಾರಾಗುತ್ತೆ ಅಂತ ಹಿಂಜರಿಯಬೇಡಿ. ಕೇಂದ್ರ ಆರೋಗ್ಯ ಸಚಿವಾಲಯದ ರೋಗಿಗಳ ಹಕ್ಕುಪಟ್ಟಿಯಲ್ಲಿ ಅದೂ ಇದೆ. ಒಳ್ಳೆ ಡಾಕ್ಟರುಗಳು ತಾವೇ ‘ತೋರಿಸಿ ನೋಡಿ’ ಅನ್ನೋದನ್ನು ನಾನೇ ಕೇಳಿದ್ದೇನೆ.

ಸ್ಕ್ಯಾನ್ ಆಗಿದ್ದರೆ ರಿಪೋರ್ಟ್ ಜೊತೆ ಫಿಲ್ಮ್ ಅಥವಾ ಸಿಡಿನೂ ಈಗಲೇ ಅರ್ಜಿಯಲ್ಲಿ ಸೇರಿಸಿ. ಮೈಸೂರಿನ ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ.