ಹಳೆಯ ಸ್ಟಾರ್ ವಾರ್ಸ್ ಗೊಂಬೆಗಳು ಯಾಕೆ ಅಷ್ಟು ಚಿಕ್ಕವು?

ಕಾರಣ ಗೊಂಬೆಯಲ್ಲಿಲ್ಲ, ಅದನ್ನು ಕೂರಿಸುವ ನೌಕೆಯಲ್ಲಿದೆ. 1964ರಲ್ಲಿ ಬಂದ ಜಿ.ಐ. ಜೋ ಎಂಬ ಸೈನಿಕ ಗೊಂಬೆ ಸುಮಾರು 12 ಇಂಚು ಎತ್ತರ. ಅದೇ ಅಳತೆಗೆ ಸ್ಟಾರ್ ವಾರ್ಸ್ ಸಿನಿಮಾದ ಮಿಲೇನಿಯಮ್ ಫಾಲ್ಕನ್ ನೌಕೆ ಮಾಡಿದ್ದರೆ ಮನೆಯಲ್ಲಿ ಇಡೋಕೆ ಜಾಗವೇ ಸಿಗುತ್ತಿರಲಿಲ್ಲ, ಅಲ್ವಾ? ಅದಕ್ಕೇ ಕೆನ್ನರ್ ಕಂಪನಿ 1978ರಲ್ಲಿ ಸುಮಾರು 3.75 ಇಂಚಿನ ಗೊಂಬೆಗಳನ್ನು ತಂದಿತು. 1982ರಲ್ಲಿ ಜಿ.ಐ. ಜೋ ಕೂಡ ಅದೇ ಅಳತೆಗೆ ಇಳಿಯಿತು!

ಸಂಗ್ರಹ ಶುರು ಮಾಡುತ್ತಿದ್ದೀರಾ? ಹಳೆಯ ಡೆತ್ ಸ್ಟಾರ್ ಪ್ಲೇಸೆಟ್ (ಸಿನಿಮಾದ ಬಾಹ್ಯಾಕಾಶ ಕೋಟೆಯ ಆಟಿಕೆ ಮಾದರಿ, ಗೊಂಬೆಗಳನ್ನು ಇಟ್ಟು ಆಡುವುದು) ಕೊಳ್ಳುವಾಗ ಪ್ಲಾಸ್ಟಿಕ್ ಮಹಡಿಗಳನ್ನಷ್ಟೇ ನೋಡಬೇಡಿ. ರಟ್ಟಿನ ಭಾಗಗಳು, ಕಸದ ಕೋಣೆಯ ಫೋಮ್ ತುಂಡುಗಳು ಇವೆಯಾ ಅಂತ ಕೇಳಿ. ಸುಲಭವಾಗಿ ಹಾಳಾಗುವುದು, ಕಳೆದುಹೋಗುವುದು ಅವೇ. ಗೊಂಬೆಯ ಕೈಯ ಪುಟ್ಟ ಗನ್ನೂ ಅಷ್ಟೇ. ಶೋಕೇಸಿಗೆ ಬಿಸಿಲು ಬೀಳಬಾರದು, ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್ ಹಳದಿಯಾಗಿಬಿಡುತ್ತಾನೆ.